ಜರ್ಮನರ ಬಾಯಲ್ಲಿ ಇಂಗ್ಲಿಷ್ ಸ್ವರಗಳು

ಜರ್ಮನ್ ಮತ್ತು ಇಂಗ್ಲಿಷ್ ಒಂದೇ ಭಾಷಾಕುಲಕ್ಕೆ ಸೇರಿದ ನುಡಿಗಳು. ಆದ್ದರಿಂದ ಜರ್ಮನನಿಗೆ ಇಂಗ್ಲಿಷಿನ ಉಚ್ಚಾರಣೆ ಅನಾಯಾಸವಾಗಿ ಒಲಿಯಬೇಕೆಂದು ತೋರುವುದು ಸಹಜ. ಒಂದು ಮಟ್ಟಿಗೆ ಅದು ದಿಟವೂ ಹೌದು. ಫ್ರೆಂಚರನ್ನು ಕಾಡುವ ‘ಷಿಪ್’-‘ಷೀಪ್’ ಭೇದ ಜರ್ಮನನನ್ನು ಕಾಡುವುದಿಲ್ಲ. ನಡು ಎಂಬರ್ಥದ ‘ಮಿಟೆ’, ಬಾಡಿಗೆ ಎಂಬರ್ಥದ ‘ಮೀಟೆ’ ಎಂಬ ಮಾತುಗಳಲ್ಲಿ ಅಂತಹದೇ ಭೇದ ಅವನಿಗೆ ಎಳವೆಯಿಂದಲೇ ರೂಢಿಯಾಗಿದೆ.

ತೊಡಕು ಮೊದಲಾಗುವುದು ಕನ್ನಡಿಗರು ‘ಬ್ಯಾಟ್’ ಎಂದು ಯಕಾರದ ಒತ್ತು ಕೊಟ್ಟು ಬರೆಯುವ ಸ್ವರದಲ್ಲಿ. ಶಿಷ್ಟ ಜರ್ಮನಿನಲ್ಲಿ ಈ ಸ್ವರವಿಲ್ಲ. ಕಲಿಯುವವನು ತನ್ನ ಹ್ರಸ್ವ ಎಕಾರವನ್ನೇ ಅದರ ಸ್ಥಾನದಲ್ಲಿ ನಿಲ್ಲಿಸುತ್ತಾನೆ; ‘ಮ್ಯಾನ್’ ಎಂಬುದು ‘ಮೆನ್’ ಆಗಿ ಏಕವಚನ ಬಹುವಚನಗಳು ಬೆರೆತುಹೋಗುತ್ತವೆ. ಇದಕ್ಕೆ ಇನ್ನೊಂದು ನಿಯಮ ಬಂದು ಕೂಡುತ್ತದೆ. ಜರ್ಮನಿನಲ್ಲಿ ಪದಾಂತ್ಯದ ಘೋಷವ್ಯಂಜನ ಅಘೋಷವಾಗುತ್ತದೆ. ಗಾಲಿ ಎಂಬರ್ಥದ ಪದವನ್ನು ‘ರಾಡ್’ ಎಂದು ಬರೆದು ‘ರಾಟ್’ ಎಂದು ನುಡಿಯುವುದು ಅಲ್ಲಿನ ಕ್ರಮ. ಇಂಗ್ಲಿಷಿನಲ್ಲಾದರೋ ಪದಾಂತ್ಯದ ಘೋಷವ್ಯಂಜನದ ಹಿಂದಿನ ಸ್ವರ ತುಸು ನೀಳವಾಗುತ್ತದೆ. ಜರ್ಮನನ ಬಾಯಲ್ಲಿ ಆ ನೀಳವೂ ಅಳಿಯುತ್ತದೆ. ಪರಿಣಾಮವಾಗಿ ಬೆಡ್, ಬೆಟ್, ಬ್ಯಾಡ್, ಬ್ಯಾಟ್ ಎಂಬ ನಾಲ್ಕೂ ಪದಗಳು ಒಂದೇ ‘ಬೆಟ್’ ಆಗಿ ಕೇಳಿಸಬಹುದು. ಹಾಸಿಗೆ, ಪಣ, ಕೆಟ್ಟದ್ದು, ಬಾವಲಿ ಇವುಗಳಲ್ಲಿ ಯಾವುದೆಂಬುದನ್ನು ಕೇಳುಗನು ಸಂದರ್ಭದಿಂದ ಊಹಿಸಿಕೊಳ್ಳಬೇಕು.

ತುಟಿಗಳನ್ನು ದುಂಡಗೆ ಮಾಡಿ ಎಕಾರವನ್ನು ನುಡಿದರೆ ಹುಟ್ಟುವ ಸ್ವರವೊಂದು ಜರ್ಮನಿನಲ್ಲಿದೆ. ಇಂಗ್ಲಿಷಿನ ‘ಗರ್ಲ್’, ‘ಷರ್ಟ್’ ಮೊದಲಾದವುಗಳ ಸ್ವರಕ್ಕೆ ಅವರು ಇದನ್ನೇ ಬಳಸುವುದುಂಟು. ದಕ್ಷಿಣ ಭಾರತದಿಂದ ಹೊರಟಿತೆನ್ನಲಾದ ‘ಕರಿ’ ಎಂಬ ಮಾತು ಕೂಡ ಇಂಗ್ಲಿಷಿನ ಮೂಲಕ ಜರ್ಮನಿಯನ್ನು ಸೇರುವಷ್ಟರಲ್ಲಿ ಈ ದುಂಡುಸ್ವರವನ್ನು ತೊಟ್ಟುಕೊಂಡಿದೆ! ‘ಗರ್ಲ್’ ಪದದ ದೋಷವನ್ನು ತಿದ್ದುವುದು ಅಷ್ಟು ಕಷ್ಟವಲ್ಲ. ದುಂಡಗಾದ ತುಟಿಗಳನ್ನು ಸಡಿಲಿಸಿ ನಾಲಗೆಯನ್ನು ಕೊಂಚ ಹಿಂದಕ್ಕೆ ಸರಿಸಿದರೆ ಬೇಕಾದ ಧ್ವನಿಗೆ ಸಮೀಪ ಬರುತ್ತದೆ.

ಸಂಧ್ಯಕ್ಷರಗಳ ತೊಡಕು ಕನ್ನಡಿಗರಿಗೂ ಪರಿಚಿತವೇ. ‘ಬೋಟ್’, ‘ಲೇಟ್’ ಎಂದು ಕನ್ನಡಿಗರು ಶುದ್ಧ ಓಕಾರ ಏಕಾರಗಳನ್ನು ನುಡಿಯುವಂತೆ ಜರ್ಮನರೂ ನುಡಿಯುತ್ತಾರೆ. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯಲ್ಲಿ ಈ ಸ್ವರಗಳು ಒಂದೆಡೆ ತೊಡಗಿ ಇನ್ನೊಂದೆಡೆಗೆ ಜಾರುತ್ತವೆ. ಜಾರದೆ ನಿಂತ ಜರ್ಮನ್ ‘ಬೋಟ್’ ಅಲ್ಲಿನವರ ಕಿವಿಗೆ ‘ಕೊಂಡೆ’ ಎಂಬರ್ಥದ ‘ಬಾಟ್’ ಎಂದು ಕೇಳಿಸುವ ಸಂಭವವುಂಟು.

ಇಂತಹ ವಿಷಯಗಳಿಗೆ ಶಾಲೆಯಲ್ಲಿ ಸ್ಥಾನ ದೊರೆಯುವಂತೆ ಮಾಡಿದವರಲ್ಲಿ ಜರ್ಮನ್ ವಿದ್ವಾಂಸ ವಿಲ್‌ಹೆಲ್ಮ್ ವಿಯೆಟೋರ್ ಪ್ರಮುಖರು. ಭಾಷಾಶಿಕ್ಷಣವು ತನ್ನ ದಾರಿಯನ್ನು ಬದಲಿಸಬೇಕೆಂದು ಸಾರುವ ಕಿರುಹೊತ್ತಗೆಯನ್ನು ಅವರು 1882ರಲ್ಲಿ ಗುಪ್ತನಾಮದಿಂದ ಪ್ರಕಟಿಸಿದರು. ವ್ಯಾಕರಣಸೂತ್ರಗಳನ್ನು ಉರುಹಚ್ಚುವುದಕ್ಕಿಂತ ಬಾಯಿ ಕಿವಿಗಳ ಶಿಕ್ಷಣ ಮೊದಲು ನಡೆಯಬೇಕೆಂಬುದು ಅವರ ಪಕ್ಷ. ಮುಂದೆ ಇಂಗ್ಲಿಷ್ ಉಚ್ಚಾರಣಾ ನಿಘಂಟನ್ನು (1917) ರಚಿಸಿದ ಡೇನಿಯಲ್ ಜೋನ್ಸ್ ಧ್ವನಿಶಾಸ್ತ್ರದ ರುಚಿ ಕಂಡದ್ದು 1900ರಲ್ಲಿ, ಜರ್ಮನಿಯ ಮಾರ್ಬುರ್ಗ್ ಪಟ್ಟಣದಲ್ಲಿ. ಇಂಗ್ಲಿಷಿನವನು ತನ್ನ ನುಡಿಯನ್ನು ಅಳೆಯುವ ಶಾಸ್ತ್ರಕ್ಕೆ ಜರ್ಮನಿಯಲ್ಲಿ ತೊಡಗಿದುದು ಸ್ವಾರಸ್ಯದ ಸಂಗತಿ.

ವಯಸ್ಕನ ನಾಲಗೆ ಹೊಸ ಸ್ವರವನ್ನು ನಿಜವಾಗಿ ಕಲಿಯಬಲ್ಲುದೇ? ಬೋನ್ ಮತ್ತು ಫ್ಲೆಗೆ ಎಂಬ ವಿದ್ವಾಂಸರು 1992ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅನಿರೀಕ್ಷಿತ ಉತ್ತರ ನೀಡಿತು. ಇಂಗ್ಲಿಷ್ ನುಡಿಯುವವರ ನಡುವೆ ದೀರ್ಘಕಾಲ ಬಾಳಿದ ಜರ್ಮನರು, ತಮ್ಮ ಭಾಷೆಯಲ್ಲಿಲ್ಲದ ‘ಬ್ಯಾಟ್’ ಸ್ವರದಲ್ಲಿ ಹೊಸಬರಿಗಿಂತ ಮುಂದುವರಿದಿದ್ದರು; ತಮ್ಮ ಭಾಷೆಯ ಸ್ವರಗಳನ್ನು ಹೋಲುವ ಇ, ಎ ಮೊದಲಾದವುಗಳಲ್ಲಿ ಮಾತ್ರ ಅವರ ಅನುಭವದಿಂದ ಹೇಳುವಂತಹ ವ್ಯತ್ಯಾಸವಾಗಿರಲಿಲ್ಲ. ತೀರ ಭಿನ್ನವಾದುದನ್ನು ಕಿವಿ ಕಾಲಕ್ರಮದಲ್ಲಿ ಬೇರೆಯೆಂದು ಗುರುತಿಸುತ್ತದೆ. ಬಹುಮಟ್ಟಿಗೆ ಹೋಲುವುದನ್ನು ಹಳೆಯ ಅಚ್ಚಿನಲ್ಲೇ ಹಾಕಿಕೊಂಡು ಸುಮ್ಮನಾಗುತ್ತದೆ.

ಇದೇ ವಿದ್ವಾಂಸರು ಕಂಡ ಇನ್ನೊಂದು ಸಂಗತಿ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದುದು. ಹೊಸದಾಗಿ ಕಲಿಯುವ ಜರ್ಮನರು ‘ಬೆಟ್’ ‘ಬ್ಯಾಟ್’ಗಳನ್ನು ಬೇರ್ಪಡಿಸಲು ಸ್ವರದ ಗುಣಕ್ಕಿಂತ ಅದರ ನೀಳವನ್ನು ಹೆಚ್ಚಾಗಿ ಅವಲಂಬಿಸುತ್ತಾರೆ, ಇಂಗ್ಲಿಷರ ಕಿವಿ ನಂಬುವುದು ಮುಖ್ಯವಾಗಿ ಗುಣವನ್ನು. ಆದ್ದರಿಂದ ‘ಇನ್ನಷ್ಟು ಎಳೆದು ನುಡಿ’ ಎಂಬ ಸೂಚನೆಯಿಂದ ವಿದ್ಯಾರ್ಥಿಗೆ ದೊರೆಯುವುದು ನೀಳವಾದ ಎಕಾರವಷ್ಟೆ. ದವಡೆಯನ್ನು ಕೆಳಗಿಳಿಸು, ನಾಲಗೆಯನ್ನು ಮುಂದೆಯೇ ಇರಿಸಿಕೊಂಡು ತಗ್ಗಿಸು ಎಂದು ಹೇಳಿ, ಕನ್ನಡಿಯನ್ನು ಕೈಗೆ ಕೊಡುವುದು ಹೆಚ್ಚು ಪ್ರಯೋಜನಕಾರಿ.