ಮಗುವಿನ ಉಡುಪು ಪೂರ್ವಜನ್ಮದ ಸಾಕ್ಷಿಯಾದ ಬಗೆ

ಎಳೆಯ ಮಗು ಇಂಥದೇ ಉಡುಪು ಬೇಕೆಂದು ಹಟ ಹಿಡಿಯುವುದನ್ನು ಪೂರ್ವಜನ್ಮದ ಕುರುಹೆಂದು ಬಗೆಯುವ ವಿಚಾರ ಬಹು ಹಳೆಯದೆಂಬಂತೆ ತೋರಿದರೂ, ಅದು ಅಧ್ಯಯನದ ವಸ್ತುವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಪುನರ್ಜನ್ಮದ ನಂಬಿಕೆ ಕಲಬುರಗಿ ಸೀಮೆಗೆ ಹೊಸದಲ್ಲ. ಆದರೆ ಈ ನೆಲದೊಡನೆ ನಂಟುಳ್ಳ ಹಳೆಯ ಗ್ರಂಥಗಳಲ್ಲಿ ಸಾಕ್ಷಿಯ ಸ್ಥಾನ ಪಡೆದದ್ದು ನೆನಪೇ ಹೊರತು ಉಡುಪಲ್ಲ.

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿಯೂ, ಅದನ್ನು ಆಧರಿಸಿ ಪಂಪ 941ರಲ್ಲಿ ಬರೆದ ಕನ್ನಡ ಆದಿಪುರಾಣದಲ್ಲಿಯೂ, ಶ್ರೀಮತಿ ಎಂಬ ರಾಜಕುಮಾರಿಗೆ ಜಾತಿಸ್ಮರಣೆ, ಅಂದರೆ ಹಿಂದಿನ ಹುಟ್ಟಿನ ನೆನಪು, ಉಂಟಾಗುತ್ತದೆ. ಸ್ವರ್ಗದಲ್ಲಿ ಲಲಿತಾಂಗದೇವನೊಡನೆ ಕಳೆದ ದಿನಗಳನ್ನು ಆಕೆ ಬಟ್ಟೆಯ ಮೇಲೆ ಚಿತ್ರಿಸುತ್ತಾಳೆ; ಪಂಡಿತೆಯೆಂಬ ದಾದಿ ಆ ಪಟವನ್ನು ಜಿನಾಲಯದಲ್ಲಿ ತೋರಲಿಟ್ಟು, ಅದರೊಳಗಿನ ಗುಟ್ಟನ್ನು ಬಲ್ಲವನು ಬರುವನೇ ಎಂದು ಕಾಯುತ್ತಾಳೆ; ಕೊನೆಗೆ, ಲಲಿತಾಂಗದೇವನೇ ಮರುಹುಟ್ಟು ಪಡೆದ ವಜ್ರಜಂಘ ಅದನ್ನು ಗುರುತಿಸುತ್ತಾನೆ. ಒಬ್ಬರ ನೆನಪನ್ನು ಇನ್ನೊಬ್ಬರ ತಿಳಿವಳಿಕೆಯಿಂದ ಒರೆಗೆ ಹಚ್ಚುವ ಈ ಎಚ್ಚರ ನಿಜಕ್ಕೂ ಮೆಚ್ಚತಕ್ಕದ್ದು. ಶಹಾಬಾದ್ ಸಮೀಪದ ಮರತೂರಿನವನೆಂದು ಗುರುತಿಸಲಾಗುವ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿಯಾದರೋ, ಆತ್ಮವು ಕರ್ಮಕ್ಕೆ ತಕ್ಕ ದೇಹಗಳನ್ನು ತಳೆಯುವ ಬಗೆಗೆ ಬಣ್ಣ ಬಳಿದು ವೇಷ ಬದಲಿಸುವ ನಟನೇ ಉಪಮಾನ. ಅಲ್ಲಿ ವೇಷವು ತಿಳಿಯಹೇಳುವ ಸಾಧನವೇ ವಿನಾ ಪುರಾವೆಯಲ್ಲ.

ವೇಷವನ್ನೇ ಪುರಾವೆಯ ಸಾಲಿಗೆ ಸೇರಿಸಿದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ (1918–2007). 1961ರಲ್ಲಿ ಭಾರತಕ್ಕೆ ಬಂದು, 1966ರಲ್ಲಿ ಇಪ್ಪತ್ತು ಪ್ರಕರಣಗಳ ಗ್ರಂಥ ಪ್ರಕಟಿಸಿದ ಅವರು, ಎರಡರಿಂದ ಐದು ವರ್ಷದೊಳಗಿನ ಮಕ್ಕಳ ಮಾತಿನ ಜೊತೆಗೆ ಅವರ ಭಯ, ಆಟ, ಊಟ, ಉಡುಪುಗಳನ್ನೂ ಟಿಪ್ಪಣಿ ಮಾಡಿಕೊಂಡರು. ಜಪಾನಿ ಸೈನಿಕನಾಗಿದ್ದೆನೆಂದು ಹೇಳುತ್ತಿದ್ದ ಬರ್ಮಾದ ಹುಡುಗಿಯೊಬ್ಬಳು ಗಂಡುಡುಗೆಯನ್ನೇ ಬಯಸುತ್ತಿದ್ದುದು ಅವರ ದಾಖಲೆಗಳಲ್ಲಿ ಹೆಸರಾದುದು. ಆದರೂ ಉಡುಪಿನ ಆಯ್ಕೆ ಮಾತಿನಷ್ಟು ಗಟ್ಟಿಯಾದ ಆಧಾರವಲ್ಲ. ಊರು, ಹೆಸರು, ಸಾವಿನ ಬಗೆ ಹೇಳಿದರೆ ಹೋಗಿ ವಿಚಾರಿಸಬಹುದು, ಚಡ್ಡಿಯ ಮೇಲಿನ ಆಸೆಯನ್ನು ಯಾವ ಊರಲ್ಲಿ ವಿಚಾರಿಸುವುದು?

ಇದೇ ಶೋಧವನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ ಮುಂದುವರಿಸಿದರು. ಅವರು ಸಹಲೇಖಕರಾಗಿ 1979ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಆಗ್ರಾ ಜಿಲ್ಲೆಯ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು ಇಬ್ಬರು ಇಂಥ ನೆನಪುಳ್ಳವರೆಂದು ಕಂಡುಬಂದಿತ್ತು. ದಕ್ಷಿಣ ಭಾರತದಲ್ಲಿ ಮಾತ್ರ ಅಂಥ ವರದಿಗಳು ತೀರ ವಿರಳವೇಕೆಂದು ಅವರೇ ಮುಂದೆ ಪ್ರತ್ಯೇಕ ಲೇಖನ ಬರೆಯಬೇಕಾಯಿತು. ನಂಬಿಕೆ ಎರಡೂ ಕಡೆ ಇದ್ದ ಮೇಲೆ, ಮಗುವಿನ ನಡವಳಿಕೆಗೆ ಮನೆಯವರು ಕೊಡುವ ಅರ್ಥವೇ ಬೇರೆಯಾಗಿರಬೇಕು.

ಕಲಬುರಗಿ ಸೀಮೆಯನ್ನೇ ನೋಡಿ: ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯ ಮನೆಗಳಲ್ಲಿ ಕೂಸನ್ನು ಮೊದಲು ಸುತ್ತುವುದು ಹಿರಿಯರು ಉಟ್ಟು ಮೆತ್ತಗಾದ ಧೋತರ, ಸೀರೆಯ ತುಂಡಿನಲ್ಲಿ. ಇಡುವ ಹೆಸರೂ ಹಲವು ಬಾರಿ ಗತಿಸಿದ ಮುತ್ಯಾನದೇ, ಅಂದರೆ ಅಜ್ಜನದೇ. ಅಂಥ ಹುಡುಗ ರುಮಾಲು ಸುತ್ತಲು ಕೇಳಿದರೆ "ಮುತ್ಯಾನೇ ಹೊಳ್ಳಿ ಬಂದಾನ" ಎನ್ನುವ ಮನೆಮಂದಿ ಅದನ್ನು ತನಿಖೆಗೆ ಒಡ್ಡುವುದಿಲ್ಲ, ಏಕೆಂದರೆ ಬಂದವನು ಹೊರಗಿನವನಲ್ಲ.

ಹೆಣ್ಣುಡುಗೆ ಬಯಸುವ ಹುಡುಗನ ವಿಷಯದಲ್ಲಿ ಕಲ್ಯಾಣ ಕರ್ನಾಟಕಕ್ಕೆ ಇನ್ನೊಂದು ಉತ್ತರವಿದೆ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಬಾಲ್ಯದಲ್ಲಿ ಟವೆಲ್ಲನ್ನು ಲಂಗದಂತೆ ಸುತ್ತಿಕೊಳ್ಳುತ್ತಿದ್ದಾಗ ಅದನ್ನು ಹಿಂದಿನ ಜನ್ಮದ ಶೇಷವೆಂದು ಕಾಣಲಿಲ್ಲ, ದೇವಿ ಬಂದಿದ್ದಾಳೆಂದು ಭಾವಿಸಲಾಯಿತು. 1975ರಲ್ಲಿ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಲಾಯಿತು, ಅಂದರೆ ದೇವಿಗೆ ಬಿಡಲಾಯಿತು. ಸೀರೆ ಅವರಿಗೆ ದಕ್ಕಿತು, ಮನೆ ದಕ್ಕಲಿಲ್ಲ. ಭಿಕ್ಷೆ ಬೇಡುತ್ತ, ಜೋಗತಿ ನೃತ್ಯ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರು 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದ್ದು ಸೀರೆಯುಟ್ಟೇ.