ಹಳೆಯ ಮೋಟಾರು ಎಂಜಿನ್ನಿನ ಟ್ಯಾಪೆಟ್ ಸದ್ದು: ಅದರ ಕಾರಣವೂ ರಿಪೇರಿಯೂ

ನಮ್ಮ ಸೀಮೆಯ ಅನೇಕ ಗ್ರಾಮ ಪ್ರಮುಖರ ಮತ್ತು ಜಮೀನುದಾರರ ಮನೆಗಳಲ್ಲಿ ಹಿರಿಯರ ಕಾಲದ ಅಂಬಾಸಡರ್ ಕಾರು ಈಗಲೂ ಉಂಟು. ಬಂಗಾಳದ ಉತ್ತರಪಾಡಾದಲ್ಲಿ ಇದರ ತಯಾರಿಕೆಯು 2014ನೆಯ ಇಸವಿಯಲ್ಲಿ ನಿಂತುಹೋಯಿತು. ಆದುದರಿಂದ ಇರುವ ಎಂಜಿನ್ನನ್ನು ಕಾಪಾಡಿಕೊಳ್ಳುವುದು ಅವಶ್ಯಕವಾಗಿದೆ. ಈ ಕಾರುಗಳ ಪೈಕಿ ಹಳೆಯವುಗಳಲ್ಲಿರುವ 1489 ಸಿ.ಸಿ. ಪೆಟ್ರೋಲು ಎಂಜಿನ್ನಿನ ಮೇಲ್ಭಾಗದಿಂದ ಬರುವ "ಟಿಕ್ ಟಿಕ್" ಎಂಬ ಸದ್ದಿನ ವಿಷಯವಾಗಿ ಕೆಲವು ಸಂಗತಿಗಳನ್ನು ಇಲ್ಲಿ ತಿಳಿಸಲಾಗಿದೆ.

ಮೊದಲು ನನಗಾದ ನಷ್ಟವನ್ನೇ ಹೇಳುವೆನು. ಬೆಂಗಳೂರು ಸುಲ್ತಾನ್‌ಪೇಟೆಯ ನಮ್ಮ ಮನೆಯಲ್ಲಿ ತಂದೆಯವರು ಬಿಟ್ಟುಹೋದ ಇಂಥದೇ ಕಾರೊಂದಿದ್ದಿತು. ಅದರ ಸದ್ದನ್ನು ತಾಳಲಾರದೆ ಒಂದು ಗ್ಯಾರೇಜಿಗೆ ಒಪ್ಪಿಸಿದೆನು. ಅರ್ಧ ಗಂಟೆಯೊಳಗೆ ಸದ್ದು ಅಡಗಿತು, ನಾನೂ ಸಂತೋಷಪಟ್ಟೆನು. ಕೆಲವು ವಾರಗಳ ತರುವಾಯ ಬಿತ್ತನೆ ರಾಗಿಯ ಮೂಟೆಗಳೊಡನೆ ಕುಣಿಗಲ್ ಕಡೆಗೆ ಹೋಗುತ್ತಿರಲು, ಕಾರು ಏರು ಹತ್ತಲಾರದೆ ನಿಂತಿತು. ಬಿಚ್ಚಿ ನೋಡಲಾಗಿ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಚೂರಾಗಿದ್ದಿತು. ಮಿಸ್ತ್ರಿಯು ಸವೆದ ಭಾಗವನ್ನು ಹುಡುಕದೆ, ಸದ್ದು ನಿಲ್ಲುವವರೆಗೂ ಸ್ಕ್ರೂಗಳನ್ನು ಬಿಗಿದಿದ್ದನು.

ಸಂದು ಏತಕ್ಕೆ?

ಕ್ಯಾಮ್‌ಶಾಫ್ಟ್ ತಿರುಗುವಾಗ ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುವುದು. ಟ್ಯಾಪೆಟ್ ಪುಷ್ ರಾಡನ್ನೂ, ಅದು ರಾಕರಿನ ಒಂದು ತುದಿಯನ್ನೂ ಎತ್ತುವುದು. ರಾಕರಿನ ಮತ್ತೊಂದು ತುದಿಯು ವಾಲ್ವನ್ನು ಒತ್ತಿ ತೆರೆಯುವುದು. ಕಾದ ಕಬ್ಬಿಣವು ಹಿಗ್ಗುವುದರಿಂದ ರಾಕರಿಗೂ ವಾಲ್ವಿನ ಕಾಂಡಕ್ಕೂ ನಡುವೆ ಅಲ್ಪ ಸಂದು ಇರಲೇಬೇಕು. ಈ ಎಂಜಿನ್ನು ತಣ್ಣಗಿರುವಾಗ ಅದು ಅಂಗುಲದ ಸಾವಿರದಲ್ಲಿ 15 ಪಾಲು, ಅಂದರೆ ಸುಮಾರು 0.38 ಮಿಲಿಮೀಟರು. ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸತಕ್ಕದ್ದು.

ಎಕ್ಸಾಸ್ಟ್ ವಾಲ್ವು ತನ್ನ ಶಾಖವನ್ನು ಮುಖ್ಯವಾಗಿ ಪೀಠದ ಮೇಲೆ ಕುಳಿತಾಗಲೇ ಬಿಟ್ಟುಕೊಡುತ್ತದೆ. ಸಂದು ಇಲ್ಲದಿದ್ದರೆ ಅದು ಪೂರ್ಣವಾಗಿ ಕೂರಲಾರದು; ಜ್ವಾಲೆಯು ಎಡೆಯಲ್ಲಿ ನುಗ್ಗಿ ಅಂಚನ್ನು ಸುಡುವುದು. ಇದಲ್ಲದೆ, ಪೂರ್ವದಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವು ಪೀಠಕ್ಕೆ ಲೇಪದಂತಾಗಿ ಅದನ್ನು ಕಾಯುತ್ತಿದ್ದಿತು. 2000ನೆಯ ಇಸವಿಯಲ್ಲಿ ಸೀಸದ ಪೆಟ್ರೋಲು ದೇಶದಲ್ಲೆಲ್ಲ ನಿಂತಮೇಲೆ ಹಳೆಯ ಎಂಜಿನ್ನುಗಳ ಪೀಠವು ಬೇಗ ಸವೆದು, ವಾಲ್ವು ಒಳಕ್ಕೆ ಕುಸಿದು, ಸಂದು ತಾನಾಗಿಯೇ ಕಿರಿದಾಗಬಹುದು. ಆಗ ಯಾವ ಸದ್ದೂ ಇರುವುದಿಲ್ಲ. ಆದಕಾರಣ ಸದ್ದಿರುವ ವಾಲ್ವಿಗಿಂತ ಸದ್ದೇ ಇಲ್ಲದ ವಾಲ್ವಿಗೆ ಹೆಚ್ಚು ಹೆದರಬೇಕು.

ಸಂದನ್ನು ಸರಿಪಡಿಸುವ ಕ್ರಮ

ಎಂಜಿನ್ನು ತಣ್ಣಗಾದ ಮೇಲೆ ರಾಕರ್ ಮುಚ್ಚಳವನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದು, ಹ್ಯಾಂಡಲಿನಿಂದ ಎಂಜಿನ್ನನ್ನು ನಿಧಾನವಾಗಿ ತಿರುಗಿಸಬೇಕು. ವಾಲ್ವುಗಳನ್ನು ಮುಂದಿನಿಂದ 1 ರಿಂದ 8 ಎಂದು ಎಣಿಸಿಕೊಳ್ಳುವುದು. ಪೂರ್ಣ ತೆರೆದ ವಾಲ್ವಿನ ಸಂಖ್ಯೆಯನ್ನು 9 ರಿಂದ ಕಳೆದರೆ ಆಗ ಅಳೆಯಬೇಕಾದ ವಾಲ್ವು ಸಿಕ್ಕುವುದು: 8 ತೆರೆದಾಗ 1, 6 ತೆರೆದಾಗ 3, 4 ತೆರೆದಾಗ 5, 7 ತೆರೆದಾಗ 2, ಹೀಗೆಯೇ ಉಳಿದವು. ಲಾಕ್ ನಟ್ಟನ್ನು ಸಡಿಲಿಸಿ, ಫೀಲರ್ ಗೇಜು ತುಸು ಹಿಡಿದಂತೆ ಜಾರುವಷ್ಟು ಸ್ಕ್ರೂ ತಿರುಗಿಸಿ, ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ಅಳೆಯತಕ್ಕದ್ದು. ಬಿಗಿಯುವಾಗ ಸ್ಕ್ರೂ ತಿರುಗಿಬಿಡುವುದುಂಟು.

ಆಮೇಲೂ ಸದ್ದು ನಿಲ್ಲದಿದ್ದರೆ

ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟು, ಒಂದೊಂದು ರಾಕರಿನ ಸಂದಿನಲ್ಲಿಯೂ ಫೀಲರ್ ಗೇಜನ್ನು ತೂರಿಸಿ ನೋಡುವುದು. ಎಲ್ಲಿ ತೂರಿಸಿದಾಗ ಸದ್ದು ತಗ್ಗುವುದೋ ಅಲ್ಲಿಯೇ ದೋಷವಿದೆ. ಪರೀಕ್ಷಿಸಬೇಕಾದ ಭಾಗಗಳು ಇವು:

(1) ರಾಕರಿನ ಮೂತಿ: ಬಹುಕಾಲ ಬಡಿದು ಇದರಲ್ಲಿ ಕುಳಿ ಬೀಳುವುದು. ಚಪ್ಪಟೆಯಾದ ಗೇಜು ಕುಳಿಯ ದಡಗಳ ಮೇಲೆ ಕೂರುವುದರಿಂದ ಅಳತೆ ಸರಿಯೆಂದು ತೋರಿದರೂ ನಿಜವಾದ ಸಂದು ಹೆಚ್ಚಾಗಿರುತ್ತದೆ. ಸಣ್ಣ ಕುಳಿಯನ್ನು ಮೂತಿಯ ಬಾಗು ಕೆಡದಂತೆ ಸಾಣೆಯಿಂದ ತೆಗೆಸಬಹುದು. ಆಳವಾಗಿದ್ದರೆ ರಾಕರನ್ನೇ ಬದಲಿಸುವುದು ಲೇಸು.

(2) ರಾಕರ್ ಶಾಫ್ಟ್ ಮತ್ತು ಬುಷ್: ಶಾಫ್ಟಿನ ಕೆಳಮೈ ಮೊದಲು ಸವೆಯುತ್ತದೆ. ಒಳಗಿನ ಎಣ್ಣೆದಾರಿಯು ಕೊಳೆಯಿಂದ ಕಟ್ಟಿಕೊಳ್ಳುವುದೇ ಹಲವು ವೇಳೆ ಇದಕ್ಕೆ ಕಾರಣ. ಸೀಮೆಎಣ್ಣೆಯಿಂದ ತೊಳೆದು ರಂಧ್ರಗಳನ್ನೆಲ್ಲ ಬಿಡಿಸಬೇಕು. ಹೊಸ ಬುಷ್ ಕೂರಿಸುವಾಗ ಅದರ ರಂಧ್ರವು ಎಣ್ಣೆದಾರಿಗೆ ನೇರವಾಗಿರಲಿ.

(3) ಪುಷ್ ರಾಡ್: ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಸೊಟ್ಟು ತಿಳಿಯುವುದು.

(4) ಟ್ಯಾಪೆಟ್: ಎಂಜಿನ್ನಿನ ಪಕ್ಕದ ಎರಡು ಮುಚ್ಚಳಗಳ ಮೂಲಕ ಇವನ್ನು ಹೊರತೆಗೆಯಬಹುದು. ತಳದಲ್ಲಿ ಚುಕ್ಕೆಗುಳಿಗಳಿದ್ದರೆ ಬದಲಿಸಬೇಕು. ಕ್ಯಾಮಿನ ಉಬ್ಬೇ ಸವೆದಿದ್ದರೆ ಹೊಸ ಟ್ಯಾಪೆಟ್ಟು ಮಾತ್ರ ಹಾಕಿ ಫಲವಿಲ್ಲ. ಅದೂ ಬೇಗನೆ ಕೆಡುವುದು.

ಬಿಚ್ಚಿದ ಪುಷ್ ರಾಡ್ ಮತ್ತು ಟ್ಯಾಪೆಟ್ಟುಗಳಿಗೆ ಸಂಖ್ಯೆ ಹಾಕಿ, ಅವುಗಳನ್ನು ತಮ್ಮ ತಮ್ಮ ಸ್ಥಾನಕ್ಕೇ ಸೇರಿಸತಕ್ಕದ್ದು.

ಮುಖ್ಯ ಎಚ್ಚರಿಕೆ

ರಾಕರ್ ಶಾಫ್ಟನ್ನು ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಸಿಲಿಂಡರ್ ಹೆಡ್ಡನ್ನೂ ಬಿಗಿಹಿಡಿದಿರುತ್ತವೆ. ಇವುಗಳನ್ನು ಮಾತ್ರ ಬಿಚ್ಚಿದರೆ ಹೆಡ್ಡು ಸೊಟ್ಟಗಾಗಿ ನೀರು ಸಿಲಿಂಡರಿಗೂ ಎಣ್ಣೆಗೂ ಇಳಿಯಬಹುದು. ಮೊದಲು ರೇಡಿಯೇಟರಿನ ನೀರನ್ನು ಬಸಿದು, ಹೊರಗಿನ ಏಳು ನಟ್ಟುಗಳನ್ನೂ ಇವುಗಳೊಡನೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಮರಳಿ ಬಿಗಿಯುವಾಗಲೂ ನಡುವಿನಿಂದ ಹೊರಕ್ಕೆ, ಕೈಪಿಡಿಯ ಪ್ರಕಾರ ಬಿಗಿದು, ಸಂದುಗಳನ್ನು ಹೊಸದಾಗಿ ಅಳೆಯತಕ್ಕದ್ದು. ಈ ಕೆಲಸವನ್ನು ಬಲ್ಲ ಮಿಸ್ತ್ರಿಗೆ ವಹಿಸಿ, ಯಜಮಾನರು ಎದುರಿಗಿದ್ದು ನೋಡುವುದು ಉತ್ತಮ. ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೆಯ ಭಾಗವನ್ನು ಮಾದರಿಗೆ ಜೊತೆಯಲ್ಲಿ ಒಯ್ಯಬೇಕು.

ಪಂಪು ಎಂಜಿನ್ನುಗಳಿಗೂ ಇದೇ ನಿಯಮ

ನೀರೆತ್ತುವ ಡೀಸಲ್ ಎಂಜಿನ್ನಿನಲ್ಲಿಯೂ ರಾಕರು, ಪುಷ್ ರಾಡುಗಳಿವೆ. ಎರಡು ವಾಲ್ವುಗಳೂ ಮುಚ್ಚಿ ಪಿಸ್ಟನ್ನು ಮೇಲಿರುವಾಗ, ತಯಾರಕರು ಹೇಳಿದ ಸಂದನ್ನು ಇಡಬೇಕು. ಸಂದು ತೀರಾ ಕಿರಿದಾದರೆ ಒತ್ತಡ ಸೋರಿ ಎಂಜಿನ್ನು ಹೊರಡುವುದೇ ಕಷ್ಟವಾಗುವುದು. ಪೈರಿಗೆ ನೀರು ಬೇಕಾದ ದಿನವೇ ಅದು ನಿಲ್ಲಬಹುದು.

ಒಂದು ಫೀಲರ್ ಗೇಜಿನ ಬೆಲೆ ಸ್ವಲ್ಪ. ವಾಲ್ವು ಸುಟ್ಟರೆ ಆಗುವ ವೆಚ್ಚ ಬಹಳ. ಆದುದರಿಂದ ರಿಪೇರಿಯಾದ ಮೇಲೆ ಸದ್ದು ನಿಂತಿತೇ ಎಂದು ಮಾತ್ರ ಕೇಳದೆ, ಸಂದು ಎಷ್ಟಿದೆಯೆಂದು ಮಿಸ್ತ್ರಿಯಿಂದ ಅಳೆದು ತೋರಿಸಿಕೊಳ್ಳಬೇಕಾಗಿ ಮಹನೀಯರನ್ನು ಕೋರುತ್ತೇನೆ.