ತೂಕ ಸರಿಯಿದೆ, ಆದರೆ ಕೊಬ್ಬು?

ರಜೆಗೆ ಊರಿಗೆ ಹೋದಾಗ ಅಜ್ಜಿ ಮೊದಲು ಹೇಳೋ ಮಾತು ಏನು? "ಅಯ್ಯೋ, ಮಗು ಎಷ್ಟು ಸೊರಗಿದೆ!" ಅದೇ ಮಗುವನ್ನು ನಾವಿರೋ ದೇಶದ ಡಾಕ್ಟರು ತೂಗಿ ನೋಡಿ, "ತೂಕ ಸರಿಯಾಗಿದೆ" ಅಂದಿರುತ್ತಾರೆ. ತೂಕದ ಯಂತ್ರ ಹೇಳದೇ ಇರೋ ಒಂದು ವಿಷಯವನ್ನು ಈ ಸಂಚಿಕೆಯಲ್ಲಿ ನೋಡೋಣ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳ ಜೊತೆ ಹೋಲಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ ತೂಕ ಅಲ್ಲಿ 3.5 ಕಿಲೋ, ಪುಣೆಯಲ್ಲಿ 2.7. ನಮ್ಮ ಶಿಶುಗಳಲ್ಲಿ ಸ್ನಾಯು ತುಂಬಾ ಕಡಿಮೆ. ಆದರೆ ಬೆನ್ನಿನ ಮೇಲೆ, ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ! ಮೈಸೂರಿನಲ್ಲಿ ಹುಟ್ಟಿದ ಮಕ್ಕಳಲ್ಲೂ ಇದೇ ಕಂಡಿತು, 4 ವರ್ಷ ತುಂಬಿದಾಗಲೂ.

ಇದರಿಂದ ಏನು ತೊಂದರೆ? ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳೋದು ಸ್ನಾಯು. ಸ್ನಾಯು ಕಡಿಮೆಯಾಗಿ ಕೊಬ್ಬು ಹೆಚ್ಚಾದರೆ ಇನ್ಸುಲಿನ್ ಕೆಲಸ ಕುಂಠಿತವಾಗುತ್ತೆ. ಮುಂದೆ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಹೆಚ್ಚು. ಎತ್ತರ, ತೂಕ ಲೆಕ್ಕ ಹಾಕೋ ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗಲ್ಲ.

ಹಾಗಾದ್ರೆ ಇದು ಹಣೆಬರಹವೇ? ಅಲ್ಲ. ನೆದರ್ಲೆಂಡ್ಸ್‌ನಲ್ಲಿ 641 ಮಕ್ಕಳಿಗೆ 18 ತಿಂಗಳು ದಿನಕ್ಕೊಂದು 250 ಮಿಲಿಲೀಟರ್ ಪಾನೀಯ ಕೊಟ್ಟರು. ಅರ್ಧ ಮಕ್ಕಳದ್ದು ಸಕ್ಕರೆ ಹಾಕಿದ್ದು, ಉಳಿದವರದ್ದು ಸಕ್ಕರೆ ಇಲ್ಲದ ಸಿಹಿ. ಯಾರದ್ದು ಯಾವುದು ಅಂತ ಮಕ್ಕಳಿಗೆ ಹೇಳಿರಲಿಲ್ಲ. 2012ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಸಕ್ಕರೆ ಗುಂಪಿನವರು ಸರಾಸರಿ 7.4 ಕಿಲೋ ಹೆಚ್ಚಿದರು, ಇನ್ನೊಂದು ಗುಂಪು 6.4. ಬದಲಾಗಿದ್ದು ಒಂದೇ ಒಂದು ಲೋಟ! ಕುಡಿದ ಸಕ್ಕರೆಗೆ ಹೊಟ್ಟೆ ತುಂಬಲ್ಲ. ಊಟ ಎಂದಿನಷ್ಟೇ ಸೇರುತ್ತೆ.

ಆದ್ದರಿಂದ ನಾವು ಶುರು ಮಾಡಬೇಕಾದದ್ದು ತಟ್ಟೆಯಿಂದಲ್ಲ, ಲೋಟದಿಂದ. ಬಾಯಾರಿದರೆ ನೀರು ಇರಲಿ. ಹಾಲಿಗೆ ಬೆರೆಸೋ ಸಿಹಿ ಪುಡಿಯೂ ಸಕ್ಕರೆಯೇ ಅನ್ನೋದು ನೆನಪಿರಲಿ. ಶಾಲೆಗೆ ಹೋಗೋ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂತೆ ಆಡಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸ್ನಾಯು ಬೆಳೆಯೋದು ಅಲ್ಲೇ. ನಿದ್ದೆಗೆಟ್ಟರೆ ಮರುದಿನ ಹಸಿವು ಜಾಸ್ತಿ, ಹಾಗಾಗಿ ಮಲಗೋ ಕೋಣೆಯಿಂದ ಟ್ಯಾಬ್ಲೆಟ್ ಹೊರಗಿರಲಿ.

ಕೊನೆಯ ಮಾತು. ತೂಕ ಹೆಚ್ಚಿರೋ ಮಗುವನ್ನು ಉಪವಾಸ ಕೆಡವಬೇಡಿ, "ಡುಮ್ಮ" ಅಂತ ಹಂಗಿಸಬೇಡಿ. ಬೆಳೆಯೋ ಮಗುವಿಗೆ ಎಷ್ಟೋ ಸಲ ತೂಕ ಇಳಿಸೋದು ಬೇಕಿಲ್ಲ. ತೂಕ ಅಲ್ಲೇ ನಿಂತು ಎತ್ತರ ಹೆಚ್ಚಿದರೆ ಸಾಕು. ಅಭ್ಯಾಸ ಬದಲಾಗಬೇಕಿರೋದು ಮಗುವಿನದ್ದಷ್ಟೇ ಅಲ್ಲ, ಇಡೀ ಮನೆಯದ್ದು.